ವಾಯೇಜರ್ ಗಡಿ ದಾಟಿದ್ದು ನಿಜವೇ? ಓದುಗರ ಖಗೋಳ ಪ್ರಶ್ನೆಗಳು

ಪ್ರಶ್ನೆ: ವಾಯೇಜರ್-1 ನೌಕೆ 2012ರಲ್ಲೇ ಸೌರವ್ಯೂಹ ದಾಟಿತು ಎಂದು ಒಂದು ಕಡೆ ಓದಿದೆ. ದಾಟಲು ಇನ್ನೂ 30 ಸಾವಿರ ವರ್ಷ ಬೇಕು ಎಂದು ಇನ್ನೊಂದು ಕಡೆ ಇತ್ತು. ಯಾವುದನ್ನು ನಂಬಲಿ?
– ಪದವಿ ವಿದ್ಯಾರ್ಥಿನಿ, ಶಿರಸಿ

ಎರಡನ್ನೂ ನಂಬಿ. ಇಬ್ಬರೂ ಹೇಳುತ್ತಿರುವುದು ಬೇರೆ ಬೇರೆ ಗಡಿಯ ವಿಷಯ. ಯಾವ ಗಡಿ ಎಂಬುದನ್ನು ಮಾತ್ರ ಬಿಟ್ಟಿದ್ದಾರೆ.

ಮೇಜಿನ ಮೇಲೆ ಒಂದಡಿ ಸ್ಕೇಲು ಇಟ್ಟುಕೊಳ್ಳಿ. ಸೊನ್ನೆಯ ಗೆರೆಯಲ್ಲಿ ಸೂರ್ಯ, ಒಂದು ಸೆಂಟಿಮೀಟರ್ ಗೆರೆಯಲ್ಲಿ ಭೂಮಿ. ಅಂದರೆ ಸೆಂಟಿಮೀಟರಿಗೆ 15 ಕೋಟಿ ಕಿ.ಮೀ. ಲೆಕ್ಕ. ಗುರು 5ರಿಂದ ತುಸು ಆಚೆ, ಶನಿ ಒಂಬತ್ತೂವರೆಯಲ್ಲಿ, ಯುರೇನಸ್ 19ರಲ್ಲಿ. ನೆಪ್ಚೂನ್ ಸರಿಯಾಗಿ 30ರಲ್ಲಿ, ಸ್ಕೇಲು ಮುಗಿಯುವ ಕಡೆ. ನಮ್ಮ ಪಠ್ಯಪುಸ್ತಕದ ಚಿತ್ರಗಳೂ ಬಹುಪಾಲು ಅಲ್ಲಿಗೇ ಮುಗಿಯುತ್ತವೆ. ಆದರೆ ಸೂರ್ಯನ ಪ್ರಭಾವ ಅಲ್ಲಿಗೆ ಮುಗಿಯುವುದಿಲ್ಲ. 50 ಸೆಂ.ಮೀ.ವರೆಗೆ ಪ್ಲೂಟೊ ಮತ್ತು ಅದರಂಥ ಸಾವಿರಾರು ಹಿಮಕಾಯಗಳ ಕೈಪರ್ ಪಟ್ಟಿ ಇದೆ. ಸೂರ್ಯನಿಂದ ಎಲ್ಲ ದಿಕ್ಕಿಗೂ ಬೀಸುವ ಸೌರಮಾರುತ ಅದನ್ನೂ ದಾಟಿ ಹೋಗಿ, ಸುಮಾರು 120 ಸೆಂ.ಮೀ. ದೂರದಲ್ಲಿ ನಕ್ಷತ್ರಗಳ ನಡುವಿನ ಅನಿಲಕ್ಕೆ ಎದುರಾಗಿ ಸೋಲುತ್ತದೆ. ಆ ಗಡಿಗೆ ಹೀಲಿಯೊಪಾಸ್ ಎಂದು ಹೆಸರು. ವಾಯೇಜರ್-1 ಅದನ್ನು ದಾಟಿದ್ದು 2012ರ ಆಗಸ್ಟ್ 25ರಂದು.

ದಾಟಿದ್ದು ಗೊತ್ತಾದ ಬಗೆ ಸ್ವಾರಸ್ಯಕರವಾಗಿದೆ. ಸುತ್ತಲಿನ ಪ್ಲಾಸ್ಮಾವನ್ನು, ಅಂದರೆ ವಿದ್ಯುದಾವೇಶವಿರುವ ಕಣಗಳ ಅನಿಲವನ್ನು, ನೇರವಾಗಿ ಅಳೆಯುವ ಉಪಕರಣ 1980ರಲ್ಲೇ ಕೆಟ್ಟಿತ್ತು. ಗಡಿ ದಾಟಿದರೆ ಕಾಂತಕ್ಷೇತ್ರದ ದಿಕ್ಕು ಬದಲಾಗಬೇಕು ಎಂದು ಎಲ್ಲರೂ ಎಣಿಸಿದ್ದರು, ಅದೂ ಬದಲಾಗಲಿಲ್ಲ. ಹೀಗಾಗಿ ವಿಜ್ಞಾನಿಗಳಲ್ಲೇ ಜಗಳ. ಕೊನೆಗೆ ಕೈಹಿಡಿದವನು ಸೂರ್ಯನೇ. 2012ರ ಮಾರ್ಚ್‌ನಲ್ಲಿ ಅವನಿಂದ ಸಿಡಿದ ಭಾರೀ ಅಲೆಯೊಂದು ವರ್ಷಕ್ಕೂ ಹೆಚ್ಚು ಕಾಲ ಪಯಣಿಸಿ, 2013ರ ಏಪ್ರಿಲ್‌ನಲ್ಲಿ ನೌಕೆಯ ಸುತ್ತಲಿನ ಎಲೆಕ್ಟ್ರಾನುಗಳನ್ನು ಕಂಪಿಸುವಂತೆ ಮಾಡಿತು. ಆ ಕಂಪನ ಆಂಟೆನಾಕ್ಕೆ ಸಿಕ್ಕಿತು. ಕಂಪನದ ಆವರ್ತನ ಗೊತ್ತಾದರೆ ಪ್ಲಾಸ್ಮಾದ ಸಾಂದ್ರತೆ ಲೆಕ್ಕ ಹಾಕಬಹುದು. ಅದು ಗಡಿಯ ಒಳಗಿದ್ದುದಕ್ಕಿಂತ ಸುಮಾರು 40 ಪಟ್ಟು ಹೆಚ್ಚಿತ್ತು. ಅಂದರೆ ನೌಕೆ ಆಗಲೇ ಹೊರಗೆ! 2018ರ ನವೆಂಬರ್ 5ರಂದು ವಾಯೇಜರ್-2 ಅದೇ ಗಡಿ ದಾಟಿದಾಗ ಅದರ ಪ್ಲಾಸ್ಮಾ ಉಪಕರಣ ಕೆಲಸ ಮಾಡುತ್ತಿತ್ತು. ತಕರಾರಿಗೆ ಜಾಗ ಉಳಿಯಲಿಲ್ಲ.

ಇನ್ನು 30 ಸಾವಿರ ವರ್ಷದ ಮಾತು. ಅದು ಸೂರ್ಯನ ಗುರುತ್ವದ ಗಡಿ. ಸಾವಿರಾರು ವರ್ಷಕ್ಕೊಮ್ಮೆ ಬರುವ ಧೂಮಕೇತುಗಳ ಪಥಗಳನ್ನು ಹಿಂದಕ್ಕೆ ಎಳೆದು ನೋಡಿದ ಡಚ್ ವಿಜ್ಞಾನಿ ಯಾನ್ ಊರ್ಟ್, ಅವೆಲ್ಲ ಬಹುದೂರದ ಒಂದು ಮೋಡದಂಥ ನೆಲೆಯಿಂದ ಬರುತ್ತಿರಬೇಕು ಎಂದು 1950ರಲ್ಲಿ ಹೇಳಿದರು. ನಮ್ಮ ಸ್ಕೇಲಿನ ಲೆಕ್ಕದಲ್ಲಿ ಅದು ಕೆಲವು ಹತ್ತು ಮೀಟರ್ ದೂರದಲ್ಲಿ ಶುರುವಾಗಿ ಸುಮಾರು ಒಂದು ಕಿಲೋಮೀಟರ್‌ವರೆಗೆ ಹಬ್ಬಿದೆ. ವಾಯೇಜರ್-1 ಈಗಿರುವುದು ಸುಮಾರು 170 ಸೆಂ.ಮೀ. ದೂರದಲ್ಲಿ, ಸಾಗುತ್ತಿರುವುದು ವರ್ಷಕ್ಕೆ ಬರೀ 3.6 ಸೆಂ.ಮೀ. ಉಳಿದ ಭಾಗಾಕಾರ ನೀವೇ ಮಾಡಿಕೊಳ್ಳಬಹುದು.

ನನ್ನನ್ನು ಕೇಳಿದರೆ ‘ಸೌರವ್ಯೂಹ ದಾಟಿತು’ ಎಂಬ ತಲೆಬರಹ ಅವಸರದ್ದು. 2003ರಲ್ಲಿ ಪತ್ತೆಯಾದ ಸೆಡ್ನಾ ಎಂಬ ಕಾಯವಿದೆ. ಸುಮಾರು 11 ಸಾವಿರ ವರ್ಷಕ್ಕೊಂದು ಸುತ್ತು ಹಾಕುವ ಅದು ಸ್ಕೇಲಿನ ಲೆಕ್ಕದಲ್ಲಿ ಒಂಬತ್ತು ಮೀಟರ್ ಆಸುಪಾಸಿನವರೆಗೆ ಹೋಗಿ ಮತ್ತೆ ಸೂರ್ಯನ ಕಡೆಗೇ ತಿರುಗುತ್ತದೆ. ಅದನ್ನು ನಮ್ಮ ಮನೆಯದಲ್ಲ ಎಂದು ಯಾರೂ ಹೇಳುವುದಿಲ್ಲ. ಹಾಗಿರುವಾಗ ಎರಡು ಮೀಟರ್ ಕೂಡ ದಾಟದ ವಾಯೇಜರ್ ಹೊರಗಿನದಾಗುವುದು ಹೇಗೆ? ‘ಸೌರಮಾರುತದ ಗಡಿ ದಾಟಿತು’ ಎಂದರೆ ಸಾಕು.

ಅಂದಹಾಗೆ, ಎರಡೂ ವಾಯೇಜರ್‌ಗಳು ಹೊತ್ತಿರುವ ಚಿನ್ನದ ಲೇಪದ ಧ್ವನಿಮುದ್ರಿಕೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು.

ಪ್ರಶ್ನೆ: ನಾನು ಓದುವಾಗ ಒಂಬತ್ತು ಗ್ರಹ, ಮಗನ ಪುಸ್ತಕದಲ್ಲಿ ಎಂಟು. ಪ್ಲೂಟೊ ಮಾಡಿದ ತಪ್ಪಾದರೂ ಏನು?
– ಹಾವೇರಿಯ ಓದುಗರು

ಪ್ಲೂಟೊ ಏನೂ ಮಾಡಲಿಲ್ಲ, ಅದರ ನೆರೆಹೊರೆ ತುಂಬಿಕೊಂಡಿತು. 2005ರಲ್ಲಿ ಎರಿಸ್ ಎಂಬ ಕಾಯ ಪತ್ತೆಯಾಯಿತು. ಪ್ಲೂಟೊದ ವ್ಯಾಸ 2,377 ಕಿ.ಮೀ., ಎರಿಸ್‌ನದು ಸುಮಾರು 2,326; ತೂಕದಲ್ಲಿ ಎರಿಸ್ಸೇ ಹೆಚ್ಚು. ಪ್ಲೂಟೊವನ್ನು ಗ್ರಹ ಎಂದರೆ ಎರಿಸ್ಸನ್ನೂ ಎನ್ನಬೇಕು, ನಾಳೆ ಸಿಗುವ ಇನ್ನಷ್ಟನ್ನೂ ಎನ್ನಬೇಕು. 2006ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ, ತನ್ನ ಕಕ್ಷೆಯ ಸುತ್ತಮುತ್ತ ತೆರವು ಮಾಡಿಕೊಂಡಿರುವುದೇ ಗ್ರಹ ಎಂಬ ಷರತ್ತು ಸೇರಿಸಿತು. ಪ್ಲೂಟೊ ಅಲ್ಲಿ ಸೋತು ಕುಬ್ಜಗ್ರಹವಾಯಿತು.

ಇಂಥದ್ದು ಹಿಂದೆಯೂ ಆಗಿತ್ತು. 1801ರಲ್ಲಿ ಸಿಕ್ಕ ಸಿರಿಸ್ ಹಲವು ದಶಕ ಗ್ರಹಗಳ ಪಟ್ಟಿಯಲ್ಲಿತ್ತು. ಅದೇ ಕಕ್ಷೆಯ ಆಸುಪಾಸಿನಲ್ಲಿ ಇನ್ನಷ್ಟು ಕಾಯಗಳು ಸಿಗತೊಡಗಿದ ಮೇಲೆ ಕ್ಷುದ್ರಗ್ರಹಗಳ ಸಾಲಿಗೆ ಸರಿಯಿತು. ಆಗ ಯಾರೂ ಅತ್ತಂತಿಲ್ಲ. ‘ತೆರವು’ ಎಂಬ ಷರತ್ತಿನ ಮಾತು ಸಡಿಲವಾಗಿದೆ ಎಂಬ ಟೀಕೆಯನ್ನು ನಾನೂ ಒಪ್ಪುತ್ತೇನೆ. ಆದರೂ ಪರೀಕ್ಷೆಯಲ್ಲಿ ಮಗ ಎಂಟೆಂದೇ ಬರೆಯಲಿ.

ಪ್ರಶ್ನೆ: ಯುರೇನಸ್‌ನ ಉಂಗುರಗಳನ್ನು ಕಂಡುಹಿಡಿಯುವಲ್ಲಿ ನಮ್ಮವರ ಪಾಲೂ ಇತ್ತಂತೆ, ಹೌದೆ? ಮನೆಯ ದೂರದರ್ಶಕದಲ್ಲಿ ಅವು ಕಾಣುತ್ತವೆಯೆ?
– ಹವ್ಯಾಸಿ ವೀಕ್ಷಕ, ಮೈಸೂರು

ಹೌದು. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರಕ್ಕೆ ಅಡ್ಡ ಹಾಯುವುದಿತ್ತು. ನಕ್ಷತ್ರ ಮರೆಯಾಗುವ ಹೊತ್ತನ್ನು ಅಳೆದರೆ ಗ್ರಹದ ಗಾತ್ರ, ವಾತಾವರಣ ತಿಳಿಯುತ್ತದೆ. ಎಲ್ಲರ ಉದ್ದೇಶ ಅಷ್ಟೇ. ಅಮೆರಿಕದ ಜೇಮ್ಸ್ ಎಲಿಯಟ್ ತಂಡ ವಿಮಾನದೊಳಗೆ ದೂರದರ್ಶಕ ಇಟ್ಟುಕೊಂಡು ಹಿಂದೂ ಮಹಾಸಾಗರದ ಮೇಲೆ ಹಾರುತ್ತಿತ್ತು. ಇತ್ತ ತಮಿಳುನಾಡಿನ ಕಾವಲೂರಿನಲ್ಲಿ ಜೆ.ಸಿ. ಭಟ್ಟಾಚಾರ್ಯ ಮತ್ತು ಅವರ ಸಹೋದ್ಯೋಗಿ ಒಂದು ಮೀಟರ್ ದೂರದರ್ಶಕದ ಮುಂದೆ ಕೂತಿದ್ದರು. ಕಾವಲೂರು ವೀಕ್ಷಣಾಲಯ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯದು. ಗ್ರಹ ಇನ್ನೂ ನಕ್ಷತ್ರದ ಹತ್ತಿರ ಬರುವ ಮೊದಲೇ ನಕ್ಷತ್ರದ ಬೆಳಕು ಕ್ಷಣಕಾಲ ಕುಗ್ಗಿತು. ವಿಮಾನದವರಿಗೆ ಇಂಥ ಐದು ಕುಗ್ಗುವಿಕೆಗಳು ದಾಖಲಾದವು. ಗ್ರಹ ದಾಟಿ ಹೋದ ಮೇಲೆ ಆಚೆ ಬದಿಯಲ್ಲೂ ಅವೇ ಮರುಕಳಿಸಿದವು. ಉಪಗ್ರಹಗಳಾಗಿದ್ದರೆ ಎರಡೂ ಬದಿಯಲ್ಲಿ ಅಷ್ಟು ಸರಿಸಮನಾಗಿ ನಿಂತಿರುವುದು ಸಾಧ್ಯವಿಲ್ಲ. ಉಂಗುರಗಳೇ ಆಗಿರಬೇಕು.

ಮನೆಯ ದೂರದರ್ಶಕದಲ್ಲಿ ಅವು ಕಾಣುವ ಮಾತಿಲ್ಲ. ತೀರಾ ಕಪ್ಪು, ತೀರಾ ಸಪೂರ. ಆದರೆ ನಕ್ಷತ್ರ ಮರೆಯಾಗುವುದನ್ನು ಕಾದು ನೋಡುವ ಅದೇ ಉಪಾಯ ಇಂದಿಗೂ ಫಲ ಕೊಡುತ್ತಿದೆ. ನೆಪ್ಚೂನ್ ಆಚೆಯ ಪುಟ್ಟ ಕ್ವಾವಾರ್‌ಗೂ ಉಂಗುರವಿದೆ ಎಂದು 2023ರಲ್ಲಿ ಪ್ರಕಟವಾದದ್ದು ಹೀಗೆಯೇ.

ಪ್ರಶ್ನೆ: ಆಂಡ್ರೊಮೀಡಾ ಗೆಲಾಕ್ಸಿ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ ಎಂದು ಸಲೀಸಾಗಿ ಬರೆಯುತ್ತೀರಿ. ಟೇಪು ಹಿಡಿದು ಅಳೆದವರು ಯಾರು?
– ನಿವೃತ್ತ ಶಿಕ್ಷಕರು, ವಿಜಯಪುರ

ಮೇಷ್ಟ್ರೇ, ಅಳೆಯುವ ದಾರಿ ತೋರಿಸಿದವರು ಹೆನ್ರಿಯೆಟಾ ಲೆವಿಟ್. ಹಾರ್ವರ್ಡ್ ವೀಕ್ಷಣಾಲಯದಲ್ಲಿ ದೂರದರ್ಶಕ ಮುಟ್ಟುವ ಅವಕಾಶ ಹೆಂಗಸರಿಗೆ ಇರಲಿಲ್ಲ. ಗಾಜಿನ ಫಲಕಗಳ ಮೇಲೆ ತೆಗೆದ ಆಕಾಶದ ಚಿತ್ರಗಳನ್ನು ನೋಡಿ ನಕ್ಷತ್ರಗಳ ಪ್ರಕಾಶ ಗುರುತು ಹಾಕಿಕೊಳ್ಳುವುದು ಅವರ ಕೆಲಸ. ಸೆಫೀಡ್ ಎಂಬ ಜಾತಿಯ ನಕ್ಷತ್ರಗಳು ನಿಗದಿತ ಅವಧಿಗೊಮ್ಮೆ ಹಿಗ್ಗಿ ಕುಗ್ಗುತ್ತ, ಬೆಳಗಿ ಮಂಕಾಗುತ್ತವೆ. ಕಿರಿಯ ಮೆಜೆಲಾನಿಕ್ ಮೋಡ ಎಂಬ ನೆರೆಯ ಪುಟ್ಟ ಗೆಲಾಕ್ಸಿಯಲ್ಲಿರುವ ಅಂಥ 25 ನಕ್ಷತ್ರಗಳನ್ನು ಹೋಲಿಸಿ, ಅವಧಿ ಉದ್ದವಾದಷ್ಟೂ ನಕ್ಷತ್ರ ಹೆಚ್ಚು ಪ್ರಕಾಶದ್ದು ಎಂದು 1912ರಲ್ಲಿ ಅವರು ತೋರಿಸಿದರು. ಆ 25ನ್ನೂ ಒಂದೇ ಮೋಡದಿಂದ ಆರಿಸಿದ್ದರಲ್ಲೇ ಜಾಣತನವಿದೆ. ಎಲ್ಲವೂ ನಮಗೆ ಹೆಚ್ಚುಕಡಿಮೆ ಒಂದೇ ದೂರ, ಆದ್ದರಿಂದ ಕಾಣುವ ವ್ಯತ್ಯಾಸವೇ ನಿಜವಾದ ವ್ಯತ್ಯಾಸ. ಅಲ್ಲಿಂದ ಮುಂದೆ ಕೆಲಸ ಹಗುರ. ಅವಧಿ ಎಣಿಸಿದರೆ ನಿಜವಾದ ಪ್ರಕಾಶ ಗೊತ್ತಾಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕಿಳಿಯುತ್ತದೆ ಎಂಬ ನಿಯಮದಿಂದ ದೂರ ಸಿಗುತ್ತದೆ.

1923ರ ಅಕ್ಟೋಬರ್‌ನಲ್ಲಿ ಎಡ್ವಿನ್ ಹಬಲ್, ಮೌಂಟ್ ವಿಲ್ಸನ್‌ನ ನೂರು ಅಂಗುಲದ ದೂರದರ್ಶಕದಿಂದ ತೆಗೆದ ಆಂಡ್ರೊಮೀಡಾದ ಫಲಕದಲ್ಲಿ ಒಂದು ಚುಕ್ಕೆಯನ್ನು ನೋವಾ (ಹಠಾತ್ತನೆ ಬೆಳಗಿ ಮಂಕಾಗುವ ನಕ್ಷತ್ರ) ಎಂದು ಗುರುತಿಸಿದ್ದರು. ಅದು ಸುಮಾರು 31 ದಿನಕ್ಕೊಮ್ಮೆ ಬೆಳಗುವ ಸೆಫೀಡ್ ಎಂದು ತಿಳಿದಾಗ ಹಳೆಯ ಗುರುತು ಹೊಡೆದುಹಾಕಿ, ‘ಚಂಚಲ’ ಎಂಬರ್ಥದ ಗುರುತು ಬರೆದು ಮುಂದೆ ಆಶ್ಚರ್ಯಸೂಚಕ ಹಾಕಿದರು. ಅವರ ಲೆಕ್ಕಕ್ಕೆ ಬಂದ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ. ಇಂದಿನ ಅಂಕಿಗಿಂತ ತೀರಾ ಕಡಿಮೆ. ಸೆಫೀಡ್‌ಗಳಲ್ಲಿ ಎರಡು ಬಗೆ ಇದೆ ಎಂದು ವಾಲ್ಟರ್ ಬಾಡೆ ತೋರಿಸಿ ದೂರವನ್ನು ದುಪ್ಪಟ್ಟು ಮಾಡಿದ್ದು 1952ರಲ್ಲಿ. ಆದರೂ ಆಂಡ್ರೊಮೀಡಾ ನಮ್ಮ ಆಕಾಶಗಂಗೆಯೊಳಗಿನ ಮೋಡವಲ್ಲ, ಬೇರೆಯೇ ಗೆಲಾಕ್ಸಿ ಎಂದು ಸಾಬೀತಾಗಲು 9 ಲಕ್ಷವೇ ಸಾಕಾಗಿತ್ತು. ಅದನ್ನು ಕಾಣಲು ಲೆವಿಟ್ ಇರಲಿಲ್ಲ, 1921ರಲ್ಲೇ ತೀರಿಕೊಂಡಿದ್ದರು.

ಮೊದಲ ಉತ್ತರದ ಸ್ಕೇಲಿನಲ್ಲಿ ಆಂಡ್ರೊಮೀಡಾ ಎಲ್ಲಿ ಎಂದು ಕೇಳಿದರೆ, ಚಂದ್ರನಿರುವ ದೂರದ ನಾಲ್ಕರಷ್ಟು ಆಚೆ. ಬರಿಗಣ್ಣಿಗೂ ಕಾಣುತ್ತದೆ. ನವೆಂಬರ್ ನಡುವಿನಲ್ಲಿ ಚಂದ್ರನಿಲ್ಲದ ರಾತ್ರಿ ಒಂಬತ್ತರ ಹೊತ್ತಿಗೆ, ಊರಿನ ದೀಪಗಳಿಂದ ದೂರ ಹೋಗಿ ನೆತ್ತಿಯಿಂದ ತುಸು ಉತ್ತರಕ್ಕೆ ನೋಡಿ: ಒರೆಸಿದಂತೆ ಮಸುಕಾದ ಒಂದು ಮಚ್ಚೆ.

ಪ್ರಶ್ನೆ: ವಿಶ್ವದ ವಯಸ್ಸು 1,380 ಕೋಟಿ ವರ್ಷವಾದರೆ ನಮಗೆ ಕಾಣುವ ವಿಶ್ವದ ಅಂಚು 4,600 ಕೋಟಿ ಜ್ಯೋತಿರ್ವರ್ಷ ಆಚೆ ಇರುವುದು ಹೇಗೆ? ಅಲ್ಲಿಗೆ ನಾವು ಸಂದೇಶ ಕಳಿಸಬಹುದೆ?
– ಎಂಜಿನಿಯರ್, ಬೆಂಗಳೂರು

ಬೆಳಕು ದಾರಿಯಲ್ಲಿರುವಾಗ ದಾರಿಯೇ ಉದ್ದವಾಗುತ್ತಿತ್ತು. ವಿಶ್ವದ ಅತಿ ಹಳೆಯ ಬೆಳಕನ್ನು ತೆಗೆದುಕೊಳ್ಳಿ. 1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಪ್ರಕಟಿಸಿದ ಆ ಸೂಕ್ಷ್ಮತರಂಗಗಳು ಮಹಾಸ್ಫೋಟದ ನಂತರ ಸುಮಾರು 3.8 ಲಕ್ಷ ವರ್ಷಕ್ಕೆ ಹೊರಟವು. ಹೊರಟ ಜಾಗ ಆಗ ನಮ್ಮಿಂದ ಕೇವಲ 4.2 ಕೋಟಿ ಜ್ಯೋತಿರ್ವರ್ಷ ಆಸುಪಾಸಿನಲ್ಲಿತ್ತು. ಅಷ್ಟು ಹತ್ತಿರದಿಂದ ಹೊರಟ ಬೆಳಕಿಗೆ ನಮ್ಮನ್ನು ಮುಟ್ಟಲು ಹೆಚ್ಚುಕಡಿಮೆ 1,380 ಕೋಟಿ ವರ್ಷ ಹಿಡಿಯಿತು. ಆ ಜಾಗ ಈಗ 4,500 ಕೋಟಿ ಜ್ಯೋತಿರ್ವರ್ಷಕ್ಕೂ ಆಚೆ ಸರಿದಿದೆ. ಬೆಳಕಿನ ವೇಗವನ್ನು ಯಾವುದೂ ಮೀರಲಿಲ್ಲವೇ ಎಂದರೆ, ಸಾಪೇಕ್ಷತೆಯ ಮಿತಿ ಇರುವುದು ಬಾಹ್ಯಾಕಾಶದೊಳಗೆ ಓಡುವ ವಸ್ತುಗಳಿಗೆ. ಬಾಹ್ಯಾಕಾಶವೇ ಹಿಗ್ಗುವುದಕ್ಕೆ ಅದು ಅಡ್ಡಿಯಲ್ಲ.

ಆ ಅಂಚು ಗೋಡೆಯೇನಲ್ಲ. ಎಲ್ಲಿಂದ ನೋಡುತ್ತೀರೋ ಅಲ್ಲಿಂದ ಸುತ್ತ ಎಳೆದ ವೃತ್ತ ಅಷ್ಟೇ. ಆಂಡ್ರೊಮೀಡಾದಲ್ಲಿ ನಿಂತವರಿಗೆ ಅದು 25 ಲಕ್ಷ ಜ್ಯೋತಿರ್ವರ್ಷ ಆ ಕಡೆಗೆ ಸರಿದಿರುತ್ತದೆ.

ಸಂದೇಶದ ಆಸೆ ಬಿಡಿ. ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು 1998ರಲ್ಲಿ ಎರಡು ತಂಡಗಳು ಸೂಪರ್‌ನೋವಾಗಳನ್ನು, ಅಂದರೆ ಸಿಡಿಯುವ ನಕ್ಷತ್ರಗಳನ್ನು, ಅಳೆದು ಕಂಡುಕೊಂಡವು. ಆ ಲೆಕ್ಕದಲ್ಲಿ ಇಂದು ಸುಮಾರು 1,700 ಕೋಟಿ ಜ್ಯೋತಿರ್ವರ್ಷಕ್ಕಿಂತ ಆಚೆ ಇರುವ ಗೆಲಾಕ್ಸಿಗಳಿಗೆ ನಾವು ಈಗ ಕಳಿಸುವ ಯಾವ ಸಂಕೇತವೂ, ಎಷ್ಟು ಕಾಲ ಕಳೆದರೂ, ತಲುಪುವುದಿಲ್ಲ. ಅವರು ಇಂದು ಕಳಿಸಿದ್ದೂ ನಮಗೆ ಸಿಗುವುದಿಲ್ಲ.