ಮೊದಲು ರಾತ್ರಿಗಳನ್ನು ಹಂಚಿಕೊಳ್ಳಿ

ಪ್ರಶ್ನೆ: ನನಗೆ 41 ವರ್ಷ. ಬ್ಯಾಂಕ್ ಕೌಂಟರಿನಲ್ಲಿ ಕೆಲಸ. ಅಪ್ಪನಿಗೆ ಲಕ್ವ ಹೊಡೆದು ಮೂರು ತಿಂಗಳಾಯಿತು. ರಾತ್ರಿಯೆಲ್ಲ ನಾನೇ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸುತ್ತೇನೆ. ಬೆಂಗಳೂರಿನಲ್ಲಿರುವ ಅಣ್ಣ ಫೋನಿನಲ್ಲಿ ವಿಚಾರಿಸುತ್ತಾನೆ. ಮೊನ್ನೆ ಗ್ರಾಹಕರೊಬ್ಬರು ‘ಏನಮ್ಮ, ಕೂತಲ್ಲೇ ನಿದ್ದೆ ಮಾಡ್ತಿದ್ದೀಯಾ?’ ಅಂದರು. ಅವರ ಪಾಸ್‌ಬುಕ್ ಎಸೆದು ಕೂಗಾಡಿಬಿಟ್ಟೆ. ಆಮೇಲೆ ಬಾತ್‌ರೂಮಿನಲ್ಲಿ ನಿಂತು ಅತ್ತುಬಿಟ್ಟೆ. ಮೊದಲಾದರೆ ನಕ್ಕು ಸುಮ್ಮನಾಗುತ್ತಿದ್ದೆ. ನಾನು ಕೆಟ್ಟವಳಾಗುತ್ತಿದ್ದೇನಾ?
– ಓದುಗರು, ದಾವಣಗೆರೆ

ಉತ್ತರ: ಖಂಡಿತ ಇಲ್ಲ. ‘ರಾತ್ರಿಯೆಲ್ಲ ನಾನೇ’ ಅನ್ನುವ ಮಾತಿನ ಹತ್ತಿರ ನಾನು ನಿಂತುಬಿಟ್ಟೆ. ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ, ಐದಕ್ಕೆ. ಬೆನ್ನು ಹುಣ್ಣಾಗದಿರಲಿ ಅಂತ ಹೀಗೆ ಏಳುವವರನ್ನು ‘ನಿದ್ದೆ ಮಾಡ್ತಿದ್ದೀಯಾ’ ಅಂತ ಕೇಳಿದರೆ ಹೊಟ್ಟೆ ಉರಿಯದೆ ಇರುತ್ತದಾ?

ಮಿದುಳಿನ ಆಳದಲ್ಲಿ ಅಮಿಗ್ಡಲಾ ಅಂತ ಬಾದಾಮಿಯಂಥ ಪುಟ್ಟ ಭಾಗವಿದೆ. ಅಪಾಯ ಅನ್ನಿಸಿದ ಕೂಡಲೇ ಅದು ಮೈಯನ್ನೆಲ್ಲ ಎಚ್ಚರಿಸುತ್ತದೆ. ‘ತಾಳು, ಅಷ್ಟು ದೊಡ್ಡದೇನಲ್ಲ’ ಅಂತ ಅದನ್ನು ಸಮಾಧಾನ ಮಾಡುವುದು ಹಣೆಯ ಹಿಂದಿನ ಭಾಗ. ನಿದ್ದೆಗೆಟ್ಟರೆ ಈ ಹಿಡಿತ ಸಡಿಲಾಗುತ್ತದೆ. 2007ರಲ್ಲಿ ಅಮೆರಿಕದ ಸಂಶೋಧಕರು ಒಂದು ರಾತ್ರಿ ನಿದ್ದೆ ಬಿಟ್ಟವರಿಗೆ ಮನಸ್ಸು ಕಲಕುವ ಚಿತ್ರಗಳನ್ನು ತೋರಿಸಿದರು. ಚೆನ್ನಾಗಿ ಮಲಗಿದ್ದವರಿಗಿಂತ ಅವರ ಅಮಿಗ್ಡಲಾ ಶೇಕಡಾ 60ರಷ್ಟು ಜಾಸ್ತಿ ಕೆರಳಿತ್ತು. ಅದು ಒಂದೇ ರಾತ್ರಿ. ನಿಮ್ಮದು ಮೂರು ತಿಂಗಳು.

ಆ ಮನುಷ್ಯ ಆಡಿದ ಮಾತು ತಪ್ಪೇ. ನೀವು ಅದನ್ನು ನುಂಗಿಕೊಳ್ಳಬೇಕಿತ್ತು ಅಂತ ನಾನು ಹೇಳಲ್ಲ. ಪಾಸ್‌ಬುಕ್ ಎಸೆದದ್ದಕ್ಕೆ ಮಾತ್ರ, ಅವರು ಮತ್ತೆ ಬಂದಾಗ ‘ಅವತ್ತು ಎಸೆಯಬಾರದಿತ್ತು’ ಅಂದುಬಿಡಿ. ಮನೆಯ ಕಷ್ಟ ವಿವರಿಸುತ್ತಾ ಕೂರಬೇಡಿ.

ತಾಳ್ಮೆಯ ಉಪಾಯ ಹೇಳಿ ನಿಮ್ಮ ಮೇಲೆ ಇನ್ನೊಂದು ಹೊರೆ ಹೊರಿಸುವ ಮನಸ್ಸಿಲ್ಲ. ಅಣ್ಣನಿಗೆ ಇವತ್ತೇ ಫೋನ್ ಮಾಡಿ. ‘ಸ್ವಲ್ಪ ಸಹಾಯ ಮಾಡು’ ಅಂದರೆ ‘ಆಯ್ತಮ್ಮ, ನೋಡೋಣ’ ಅನ್ನುತ್ತಾನೆ. ‘ಶುಕ್ರವಾರ, ಶನಿವಾರ ರಾತ್ರಿ ಅಪ್ಪನ ಹತ್ತಿರ ನೀನು ಮಲಗಬೇಕು’ ಅಂತ ದಿನ ಹೇಳಿಯೇ ಕೇಳಿ. ಬರಲು ಆಗದ ವಾರ, ರಾತ್ರಿ ನೋಡಿಕೊಳ್ಳಲು ಜನ ಇಟ್ಟು ಅವರ ಸಂಬಳ ಅವನೇ ಕೊಡಲಿ. ಕೇಳಲು ಸಂಕೋಚ ಯಾಕೆ? ಅವನಿಗೂ ಅಪ್ಪನೇ ಅಲ್ವಾ?

ಅಳು ನಿಲ್ಲದಿದ್ದರೆ, ಎಲ್ಲ ಸಾಕಪ್ಪಾ ಅನ್ನಿಸಿದರೆ, ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಮೂರು ಗಂಟೆಯಾದರೂ ಸರಿ.

ಅಣ್ಣ ಬಂದ ಮೊದಲ ರಾತ್ರಿ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿ. ಅಪ್ಪ ಕೆಮ್ಮಿದ್ದು ಕೇಳಿಸಿದರೂ ಏಳಬೇಡಿ. ಅವನು ಏಳಲಿ.