ಸುಸ್ತನ್ನು ಏಕೆ ಬಚ್ಚಿಟ್ಟಿರಿ?

ಆತ್ಮೀಯರೇ,

ನಿಮ್ಮ ‘ಅಲೆಮಾರಿಯ ಅಂತರಂಗ’ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಸಾಮಾನ್ಯವಾಗಿ ಇಷ್ಟು ತಿಳಿಸಿ ನಾವು ಸುಮ್ಮನಾಗುತ್ತೇವೆ. ಆದರೆ ನಿಮ್ಮ ಕೊನೆಯ ಪುಟ ನನ್ನನ್ನು ಸುಮ್ಮನಿರಲು ಬಿಡಲಿಲ್ಲ.

ಉತ್ತರ ಥಾಯ್ಲೆಂಡಿನಿಂದ ಹೊರಟು ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾ ಸುತ್ತಿ ಬ್ಯಾಂಕಾಕಿಗೆ ಬಂದು ಮುಗಿದ, ತಿಂಗಳುಗಟ್ಟಲೆಯ ತಿರುಗಾಟ ನಿಮ್ಮದು. ಬೆನ್ನಿಗೊಂದು ಚೀಲ, ರಾತ್ರಿ ಬಸ್ಸು, ಹತ್ತು ಜನ ಗೊರಕೆ ಹೊಡೆಯುವ ಡಾರ್ಮಿಟರಿ. ಇಷ್ಟೆಲ್ಲ ಕೈಯಲ್ಲಿದ್ದೂ ನೀವು ಆರಂಭಿಸಿರುವುದು ಹೀಗೆ: ‘ಪ್ರವಾಸವೆಂದರೆ ನಮ್ಮೊಳಗಿನ ನಮ್ಮನ್ನು ಹುಡುಕಿಕೊಳ್ಳುವ ಪಯಣ.’ ಈ ವಾಕ್ಯ ಬೇರೆ ಬೇರೆ ಊರುಗಳಿಂದ ನನ್ನ ಮೇಜಿಗೆ ಬರುತ್ತಲೇ ಇರುತ್ತದೆ. ಹುಡುಕಿದವರಿಗೆ ಏನು ಸಿಕ್ಕಿತೆಂದು ಮಾತ್ರ ಯಾರೂ ಬರೆದಿಲ್ಲ.

ಅಲ್ಲಿಂದ ಮುಂದೆ ಹಾಲಾಂಗ್ ಕೊಲ್ಲಿ, ಹೋಯಿ ಆನ್, ಅಂಕೋರ್ ವಾಟ್ ಎಲ್ಲವೂ ಸಾಲಾಗಿ ಬಂದು ಹಾಜರಿ ಹಾಕಿ ಹೋಗುತ್ತವೆ. ಅಂಕೋರ್ ವಾಟ್ ಕಟ್ಟಿಸಿದ್ದು ಏಳನೆಯ ಜಯವರ್ಮ ಎಂದಿದ್ದೀರಿ. ಅದು 12ನೆಯ ಶತಮಾನದ ಮೊದಲರ್ಧದಲ್ಲಿದ್ದ ಎರಡನೆಯ ಸೂರ್ಯವರ್ಮನ ಕೆಲಸ. ಜಯವರ್ಮನದು ಅಂಕೋರ್ ಥಾಮ್ ಮತ್ತು ಅದರೊಳಗಿನ ಬಯೋನ್. ಆದರೆ ಇದನ್ನು ತಿದ್ದುವ ಶ್ರಮ ಬೇಡ. ಆ ಪುಟಗಳನ್ನೇ ಕಿತ್ತುಹಾಕಿ.

ಇನ್ನು ಕೊನೆಯ ಪುಟ. ‘ಬ್ಯಾಂಕಾಕಿನಲ್ಲಿ ಕೊನೆಯ ಕೆಲವು ದಿನ ಏನೂ ಮಾಡಲಿಲ್ಲ. ಬಟ್ಟೆ ಒಗೆಯಲು ಕೊಟ್ಟೆ. ಮಧ್ಯಾಹ್ನವೆಲ್ಲ ನದಿಯ ದೋಣಿಯಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡಿದೆ. ಸಮಯದ ಅಭಾವದಿಂದ ವಾಟ್ ಫೋ ನೋಡಲಾಗಲಿಲ್ಲ.’

ಇಲ್ಲಿ ನೀವು ಸಿಕ್ಕಿಬಿದ್ದಿದ್ದೀರಿ. ಚಾವೊ ಫ್ರಾಯಾ ನದಿಯಲ್ಲಿ ಮಧ್ಯಾಹ್ನವೆಲ್ಲ ಮೇಲೆ ಕೆಳಗೆ ಹೋದವರು ಥಾ ಟಿಯೆನ್ ದೋಣಿಕಟ್ಟೆಯನ್ನು ಹಾದೇ ಹೋಗಿರುತ್ತೀರಿ. ಅಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದಿದ್ದರೆ ವಾಟ್ ಫೋ, ಅದರೊಳಗೆ 46 ಮೀಟರ್ ಉದ್ದಕ್ಕೆ ಮಲಗಿರುವ ಬುದ್ಧ. ನಿಮ್ಮ ಹತ್ತಿರ ಸಮಯ ಬೇಕಾದಷ್ಟಿತ್ತು. ಇಳಿಯುವ ಮನಸ್ಸಿರಲಿಲ್ಲ, ಅಷ್ಟೆ. ಇನ್ನೊಂದು ಗುಡಿ, ಇನ್ನೊಂದು ಟಿಕೆಟ್, ಇನ್ನೊಂದು ಸಲ ಚಪ್ಪಲಿ ಕಳಚುವುದು ಸಾಕಾಗಿಹೋಗಿತ್ತು. ಹಾಗೆಂದು ಬರೆಯಲು ಹೆದರಿದ್ದೀರಿ. ಕೆಲಸ ಬಿಟ್ಟು, ಕೂಡಿಟ್ಟ ಹಣ ಸುರಿದು ಹೋದವರು ‘ಸುಸ್ತಾಯಿತು’ ಎಂದರೆ ಮನೆಯವರೂ ನೆಂಟರೂ ಏನೆಂದುಕೊಂಡಾರು ಎಂಬ ಅಳುಕು ಇರಬಹುದು. ಆದರೆ ನಿಮ್ಮ ಕೊನೆಯ ಪುಟದ ಸಂತೋಷಗಳೆಲ್ಲ ಆ ಸುಸ್ತಿನಿಂದಲೇ ಬಂದವು. ಅದನ್ನು ಮುಚ್ಚಿಟ್ಟಿದ್ದರಿಂದ ಅವು ಓದುಗರಿಗೆ ತಲುಪುವುದೇ ಇಲ್ಲ.

ಬಟ್ಟೆಯ ವಿಷಯವನ್ನೇ ನೋಡಿ. ಕಿಲೋ ಲೆಕ್ಕದಲ್ಲಿ ಒಗೆದುಕೊಡುವ ಅಂಗಡಿಯಿಂದ ‘ಇನ್ನೂ ಬೆಚ್ಚಗಿದ್ದ ಪೊಟ್ಟಣವನ್ನು ಎದೆಗವಚಿಕೊಂಡು ನಡೆದೆ’ ಎಂದಿದ್ದೀರಿ. ಇಡೀ ಲೇಖನದಲ್ಲಿ ನಾನು ಅಡಿಗೆರೆ ಎಳೆದಿದ್ದು ಈ ಸಾಲಿಗೆ ಮಾತ್ರ. ಆದರೆ ಮಡಚಿದ ಬಟ್ಟೆಯನ್ನು ಅಪ್ಪಿಕೊಳ್ಳುವಂಥದ್ದು ಏನಾಗಿತ್ತು? ಉತ್ತರ ಎರಡನೆಯ ಪುಟದಲ್ಲಿ ಅರ್ಧ ವಾಕ್ಯವಾಗಿ ಬಿದ್ದಿದೆ: ಹನೋಯಿಯಲ್ಲಿ ಒದ್ದೆ ಕಾಲುಚೀಲ ಹಾಕಿಕೊಂಡೇ ತಿರುಗಿದ್ದು. ಫೆಬ್ರವರಿ, ಮಾರ್ಚಿನಲ್ಲಿ ಅಲ್ಲಿ ತುಂತುರು ಹನಿಯುತ್ತಲೇ ಇರುತ್ತದೆ. ಕೋಣೆಯ ನೆಲವೂ ಗೋಡೆಯೂ ಬೆವರುತ್ತವೆ. ಹರವಿದ ಬಟ್ಟೆ ಒಣಗುವ ಬದಲು ಮುಗ್ಗಲು ಹಿಡಿಯುತ್ತದೆ. ಆ ವಾಸನೆಯನ್ನು ವಾರಗಟ್ಟಲೆ ಬೆನ್ನ ಮೇಲೆ ಹೊತ್ತವರು ನೀವು. ಕಾಲುಚೀಲವನ್ನು ತಂದು ಪೊಟ್ಟಣದ ಪಕ್ಕದಲ್ಲಿಡಿ. ಮತ್ತೇನೂ ವಿವರಿಸಬೇಕಾಗಿಲ್ಲ.

ದೋಣಿಯದೂ ಇದೇ ಕಥೆ. ಲಾವೋಸಿನ ಹುವಾಯ್ ಸಾಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಮೆಕಾಂಗ್ ಮೇಲಿನ ಎರಡು ದಿನದ ಪಯಣವನ್ನು ‘ಅದ್ಭುತ’ ಎಂಬ ಒಂದೇ ಪದದಲ್ಲಿ ದಾಟಿಸಿದ್ದೀರಿ. ಹಳೆಯ ವ್ಯಾನುಗಳಿಂದ ಕಿತ್ತು ತಂದ ಸೀಟುಗಳು, ಕಿವಿ ಕೊರೆಯುವ ಎಂಜಿನ್, ನಡುವೆ ಪಾಕ್‌ಬೆಂಗ್‌ನಲ್ಲಿ ಒಂದು ರಾತ್ರಿ. ಎರಡನೆಯ ದಿನ ಮಧ್ಯಾಹ್ನವೂ ಅದು ಅದ್ಭುತವಾಗಿಯೇ ಇತ್ತೇ? ನಾನು ನಂಬುವುದಿಲ್ಲ. ಆ ದೋಣಿ ನಿಮ್ಮನ್ನು ಊರಿಗೆ ಮುಟ್ಟಿಸಬೇಕಿತ್ತು. ಬ್ಯಾಂಕಾಕಿನ ದೋಣಿಯಿಂದ ನಿಮಗೆ ಏನೂ ಬೇಕಿರಲಿಲ್ಲ, ಬೆನ್ನ ಮೇಲೆ ಚೀಲವೂ ಇರಲಿಲ್ಲ. ಈ ವ್ಯತ್ಯಾಸವನ್ನು ಬರೆಯಿರಿ.

ಬರೆಯುವಾಗ ಕಣ್ಣು, ಕಿವಿ ತೆರೆದಿರಲಿ. ಕಿತ್ತಳೆ ಬಾವುಟದ ಆ ದೋಣಿಯಲ್ಲಿ ನಾನೂ ಕುಳಿತವನು. ಕಂಡಕ್ಟರ್ ಕೈಯಲ್ಲಿ ಉದ್ದನೆಯ ಲೋಹದ ಕೊಳವೆ ಇರುತ್ತದೆ. ಟಿಕೆಟ್ ಸುರುಳಿ, ಚಿಲ್ಲರೆ ಎರಡೂ ಅದರೊಳಗೆ. ಮುಚ್ಚಳವನ್ನು ಟಕಟಕ ಬಡಿಯುತ್ತ ಜನರ ನಡುವೆ ತೂರಿಕೊಂಡು ಬರುತ್ತಾರೆ. ಕಟ್ಟೆ ಹತ್ತಿರವಾಗುತ್ತಿದ್ದಂತೆ ದೋಣಿಯ ಹಿಂಬದಿಯಲ್ಲಿ ನಿಂತಾತ ಪೀಪಿ ಊದಿ ಚಾಲಕನಿಗೆ ಸೂಚನೆ ಕೊಡುತ್ತಾನೆ. ಮಧ್ಯಾಹ್ನವೆಲ್ಲ ಅಲ್ಲಿದ್ದ ನಿಮ್ಮ ಬರಹದಲ್ಲಿ ಇದ್ಯಾವುದರ ಸದ್ದೂ ಇಲ್ಲ. ಬದಲಿಗೆ ‘ಮನಸ್ಸು ಹಕ್ಕಿಯಂತೆ ಹಾರಾಡಿತು’ ಎಂದಿದೆ. ಹಕ್ಕಿಯನ್ನು ಬಿಟ್ಟುಬಿಡಿ.

ಮಾವಿನಹಣ್ಣು, ಅಂಟನ್ನ ತಿಂದು ನಿಮಗೆ ‘ಸ್ವರ್ಗಕ್ಕೆ ಮೂರೇ ಗೇಣು’ ಉಳಿದಿತ್ತಂತೆ. ಆ ಮೂರು ಗೇಣನ್ನು ನಮ್ಮ ಲೇಖಕರು ಅಳೆದೂ ಅಳೆದೂ ಸವೆಸಿದ್ದಾರೆ. ನೀವು ಸಸ್ಯಾಹಾರಿ, ಬಹುತೇಕ ಎಲ್ಲದಕ್ಕೂ ಮೀನಿನ ಸಾಸ್ ಬೀಳುವ ಅಡುಗೆಗಳ ನಡುವೆ ಪ್ರತಿ ತಟ್ಟೆಯ ಮುಂದೆಯೂ ವಿಚಾರಣೆ ನಡೆಸಿ, ಕೊನೆಗೆ ಬಾಳೆಹಣ್ಣು ತಿಂದು ಮಲಗಿದ ರಾತ್ರಿಗಳ ಪ್ರಸ್ತಾಪ ನಿಮ್ಮಲ್ಲೇ ಇದೆ. ಯಾರನ್ನೂ ಏನೂ ಕೇಳದೆ ಕೈ ಹಾಕಬಹುದಾದ ತಟ್ಟೆ ಇದು. ಉಪ್ಪು ಬೆರೆಸಿದ ತೆಂಗಿನಹಾಲು, ಮೇಲೆ ಉದುರಿಸಿದ ಗರಿಗರಿ ಹೆಸರುಬೇಳೆ, ಇಷ್ಟು ಹೇಳಿದರೂ ನಮ್ಮ ಓದುಗರ ಬಾಯಲ್ಲಿ ನೀರೂರುತ್ತದೆ.

ಇನ್ನೊಂದು ಸಾಲಿನ ಮೇಲೆ ನನಗೆ ಆಸೆಯಿದೆ: ‘ಹೊಸದಾಗಿ ಬಂದಿದ್ದ ಹುಡುಗನಿಗೆ ಉಳಿದ ಸನ್‌ಸ್ಕ್ರೀನ್ ಕೊಟ್ಟು ದಾರಿ ಹೇಳಿದೆ.’ ಅವನ ಚೀಲ ಹೇಗಿತ್ತು? ಏನು ಕೇಳಿದ, ನೀವು ಏನು ಹೇಳಿದಿರಿ? ಹಿರಿಯರ ಠೀವಿಯಿಂದ ಹೇಳಿದಿರಾ? ಹೌದಾದರೆ ಅದನ್ನೂ ಬರೆಯಿರಿ, ನಗಲು ನಮಗೂ ಒಂದು ಅವಕಾಶವಾಗುತ್ತದೆ. ಇದು ಒಂದು ವಾಕ್ಯದಲ್ಲಿ ಮುಗಿಯುವ ಸಂಗತಿಯಲ್ಲ. ಖರ್ಚಾಗದೆ ಉಳಿದ ಲಾವೋಸಿನ ಕಿಪ್ ನೋಟನ್ನು ಪುಸ್ತಕದೊಳಗೆ ಗುರುತಿಗೆ ಇಟ್ಟುಕೊಂಡಿದ್ದನ್ನು ಮಾತ್ರ ಹಾಗೆಯೇ ಒಂದು ಸಾಲಿನಲ್ಲಿ ಬಿಡಿ.

‘ಇಂಥ ಪುಟ್ಟ ಖುಷಿಗಳೇ ಬದುಕಿನ ನಿಜವಾದ ಸಂಪತ್ತು’ ಎಂಬ ಮುಕ್ತಾಯ ಬೇಡ.

ಪ್ರಯಾಣದ ವರ್ಷವನ್ನು ತಪ್ಪದೆ ನಮೂದಿಸಿ. ನೀವು ಕಾಂಬೋಡಿಯಾದಿಂದ ಥಾಯ್ಲೆಂಡಿಗೆ ಪೊಯ್‌ಪೆಟ್ ಗಡಿಯಲ್ಲಿ ನಡೆದು ದಾಟಿದ್ದು 2024ರಲ್ಲಿ ಎಂದು ನಿಮ್ಮ ಪತ್ರದಿಂದ ತಿಳಿಯಿತು, ಲೇಖನದಲ್ಲಿ ಅದಿಲ್ಲ. 2025ರಲ್ಲಿ ಎರಡು ದೇಶಗಳ ನಡುವೆ ಸಂಘರ್ಷವಾಗಿ ಭೂಗಡಿಗಳನ್ನು ಮುಚ್ಚಲಾಯಿತು. ನಿಮ್ಮ ಬರಹವನ್ನು ನಂಬಿ ಯಾರಾದರೂ ಟಿಕೆಟ್ ತೆಗೆದರೆ ಬೈಗುಳ ನಮಗೆ ಬರುತ್ತದೆ.

ಬ್ಯಾಂಕಾಕ್ ಒಂದನ್ನೇ ಇಟ್ಟುಕೊಂಡು 900 ಪದಗಳೊಳಗೆ ಮತ್ತೆ ಬರೆದು ಕಳುಹಿಸಿ. ವಾಟ್ ಅರುಣ್ ಮುಂದೆ ನೀವು ಕೈಚಾಚಿ ನಿಂತ ಚಿತ್ರ ಬೇಡ. ಬಟ್ಟೆಯ ಪೊಟ್ಟಣದ್ದೋ ದೋಣಿಯ ಒಳಗಿನದೋ ಇದ್ದರೆ ನೋಡೋಣ. ಮತ್ತೆ, ಈ ಬಾರಿ ದಯವಿಟ್ಟು ಯೂನಿಕೋಡ್‌ನಲ್ಲಿ ಕಳುಹಿಸಿ. ‘ನುಡಿ’ ತಂತ್ರಾಂಶದ ಅಕ್ಷರಗಳಿಂದ ಪರಿವರ್ತಿಸುವಾಗ ನಿಮ್ಮ ಅರ್ಕಾವೊತ್ತುಗಳೆಲ್ಲ ಚದುರಿಹೋಗಿದ್ದವು.

ಇಂತಿ,
ಸಂಪಾದಕ