ವೈನ್ ಶಾಪ್ ಲೈಸೆನ್ಸ್ ರದ್ದು ಮಾಡಿಸಬೇಕಾ? ಮೊದಲು ಆ ಟೇಪು ಕೆಳಗಿಡಿ

ರಸ್ತೆ ಮೂಲೆಯ ವೈನ್ ಶಾಪ್‌ನಿಂದ ಗಲಾಟೆ, ಕಳ್ಳತನ ಜಾಸ್ತಿಯಾಗಿದೆ, ಶಾಲೆ ಬೇರೆ ಹತ್ತಿರದಲ್ಲೇ ಇದೆ, ಲೈಸೆನ್ಸ್ ರದ್ದು ಮಾಡಿಸೋಕೆ ಅಷ್ಟು ಸಾಕಲ್ವಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ಆ "ಶಾಲೆ ಹತ್ತಿರ ಇದೆ" ಅನ್ನೋದನ್ನೇ ನಂಬಿಕೊಂಡು 2018ರಲ್ಲಿ ನಾನು ಒಂದು ವರ್ಷ ಹಾಳು ಮಾಡಿಕೊಂಡೆ.

ನಮ್ಮ ಮನೆ ಬೆಂಗಳೂರಿನ ಮಾಗಡಿ ರೋಡ್ ಕಡೆ. ಮೂಲೆಯಲ್ಲಿದ್ದದ್ದು ಪಾರ್ಸೆಲ್ ಅಂಗಡಿ, ಅಂದರೆ ಬಾಟಲಿ ತಗೊಂಡು ಮನೆಗೆ ಹೋಗಬೇಕು. ಯಾರು ಹೋಗ್ತಾರೆ? ಪಕ್ಕದ ಟ್ರಾನ್ಸ್‌ಫಾರ್ಮರ್ ಕಟ್ಟೆಯೇ ಟೇಬಲ್ಲು. ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್ ಎಲ್ಲ ಕೌಂಟರ್‌ನಲ್ಲೇ ಸಿಗುತ್ತಿತ್ತು, ಎದುರಿಗೆ ಮೊಟ್ಟೆ ಗಾಡಿ. ಬೆಳಿಗ್ಗೆ ಆರೂವರೆಗೆ ಹಾಲು ತರೋಕೆ ಹೋದರೆ ಶಟರ್ ಒಂದಡಿ ಎದ್ದಿರುತ್ತಿತ್ತು, ಕೆಳಗಿಂದ ಒಂದು ಕೈ ಮಾತ್ರ ಕ್ವಾರ್ಟರ್ ಹಿಡಿದು ಆಚೆ ಬರುತ್ತಿತ್ತು. ಆ ಮನುಷ್ಯನ ಮುಖ ಇವತ್ತಿಗೂ ನೋಡಿಲ್ಲ. ಮಣಿಕಟ್ಟಿಗೆ ಕಟ್ಟಿದ್ದ ಕೆಂಪು ದಾರ ಮಾತ್ರ ಚೆನ್ನಾಗಿ ನೆನಪಿದೆ.

ಟ್ಯೂಷನ್ ಮುಗಿಸಿ ಬರುವ ಹುಡುಗಿಯರು ಆ ಮೂಲೆ ಬಿಟ್ಟು ಹಿಂದಿನ ಕ್ರಾಸ್ ಸುತ್ತಿಕೊಂಡು ಬರುತ್ತಿದ್ದರು. ಬೈಕುಗಳಿಂದ ಪೆಟ್ರೋಲ್ ಮಾಯವಾಗುತ್ತಿತ್ತು. ಒಂದು ರಾತ್ರಿ ನಮ್ಮ ಕೆಳಗಿನ ಮನೆಯ ಬಾಡಿಗೆ ಹುಡುಗನ ಮೊಬೈಲ್ ಕಿತ್ತುಕೊಂಡು, ಬಾಟಲಿಯಲ್ಲಿ ತಲೆಗೆ ಹೊಡೆದರು. ಆರು ಹೊಲಿಗೆ. "ಸ್ಟೇಷನ್ ಮೆಟ್ಟಿಲು ಹತ್ತೋದು ಬೇಡ ಅಣ್ಣ" ಅಂದ. ನಾವೂ ಹೂಂ ಅಂದು ಸುಮ್ಮನಾದೆವು.

ಈಗ ನನ್ನ ತಪ್ಪಿನ ವಿಷಯ. ಇದನ್ನು ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. 2017ರಲ್ಲಿ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅನ್ನೋ ಸುಪ್ರೀಂ ಕೋರ್ಟ್ ಆದೇಶದಿಂದ ಜುಲೈ 1ಕ್ಕೆ ಎಂ.ಜಿ. ರೋಡ್, ಬ್ರಿಗೇಡ್ ರೋಡ್ ಪಬ್ಬುಗಳೇ ಶಟರ್ ಎಳೆದಿದ್ದವಲ್ಲ? ಆಮೇಲೆ ನಗರದೊಳಗಿನ ರಸ್ತೆಗಳಿಗೆ ವಿನಾಯಿತಿ ಸಿಕ್ಕಿ ಬಾಗಿಲು ತೆರೆದವು, ಅದು ಬೇರೆ ಮಾತು. ನಮ್ಮ ತಲೆಯಲ್ಲಿ ಉಳಿದದ್ದು ಒಂದೇ, ಅಳತೆ ಸಿಕ್ಕಿದರೆ ಕಥೆ ಮುಗೀತು ಅಂತ. ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಲೈಸೆನ್ಸ್ ಕೊಡಬಾರದು ಅಂತ ನಿಯಮ ಇರೋದು ನಿಜ, 1967ರ ಅಬಕಾರಿ ಲೈಸೆನ್ಸ್ ಸಾಮಾನ್ಯ ಷರತ್ತುಗಳ 5ನೇ ನಿಯಮ. ನಾನು ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಮೇಲೆ ಒಂದು ಬೆರಳು, ಶಾಲೆ ಮೇಲೆ ಒಂದು ಬೆರಳಿಟ್ಟೆ. 78 ಮೀಟರ್! ಅವತ್ತು ರಾತ್ರಿ ನಿದ್ದೆ ಬರಲಿಲ್ಲ ಸ್ವಾಮಿ, ಗೆದ್ದೇಬಿಟ್ಟೆವು ಅನ್ನೋ ಖುಷಿಗೆ. ಮೂರು ಪುಟದ ಅರ್ಜಿ ಬರೆದೆ, ಮೂರೂ ಪುಟ ಆ 78 ಮೀಟರ್ ಬಗ್ಗೆ, ಮ್ಯಾಪಿನ ಕಲರ್ ಪ್ರಿಂಟ್ ಬೇರೆ. ಕ್ರೈಮ್ ಬಗ್ಗೆ ಕೊನೆಯಲ್ಲಿ ಒಂದೇ ಸಾಲು: "ಸಮಾಜಘಾತುಕರ ಹಾವಳಿಯೂ ಇರುತ್ತದೆ." 64 ಜನರ ಸಹಿ.

ಅಬಕಾರಿಯವರು ಬಂದು ಟೇಪು ಹಿಡಿದರು. ಅಳೆಯೋದು ಹೇಗೆ ಗೊತ್ತಾ? ಅಂಗಡಿ ಬಾಗಿಲಿನ ನಡುಮಧ್ಯದಿಂದ ಶಾಲೆ ಗೇಟಿನ ನಡುಮಧ್ಯಕ್ಕೆ, ಜನ ಸಾಮಾನ್ಯವಾಗಿ ನಡೆದು ಹೋಗುವ ಹತ್ತಿರದ ದಾರಿಯಲ್ಲಿ. ಕಾಂಪೌಂಡ್ ಹಾರಿ ಹೋಗೋರ ಲೆಕ್ಕ ಅಲ್ಲ. ನಮ್ಮ ಶಾಲೆಗೆ ಇರೋದೇ ಒಂದು ಗೇಟು, ಅದೂ ಆಚೆ ರಸ್ತೆಯಲ್ಲಿ. ಮೂಲೆ ತಿರುಗಿ ಟೇಪು ಎಳೆದಾಗ 131 ಮೀಟರ್ ಬಂತು. ಮಹಜರಿಗೆ ಸಾಕ್ಷಿ ಸಹಿ ಹಾಕಿದವನು ನಾನೇ. ಒಂದು ತಿಂಗಳಿಗೆ ಹಿಂಬರಹ, ಅಂದರೆ ಇಲಾಖೆಯ ಲಿಖಿತ ಉತ್ತರ ಬಂತು, ಅಂತರ ನಿಯಮದ ಪ್ರಕಾರವೇ ಇದೆ, ಅರ್ಜಿ ಮುಕ್ತಾಯಗೊಳಿಸಲಾಗಿದೆ ಅಂತ. ಸ್ಟೇಷನ್‌ನಲ್ಲಿ ಕೇಳಿದರೆ ಆ ಜಾಗದ ಬಗ್ಗೆ ಒಂದೂ ದೂರಿಲ್ಲ. ಇರೋದು ಹೇಗೆ, ನಾವು ಕೊಟ್ಟಿದ್ದರೆ ತಾನೆ? ಅದಕ್ಕಿಂತ ಕೆಟ್ಟದ್ದು ಅಂದರೆ ಓನರ್ ಕೈಯಲ್ಲೂ ಆ ಹಿಂಬರಹದ ಜೆರಾಕ್ಸ್. ಆಮೇಲೆ ನಾವು ಏನೇ ಹೇಳಲಿ, "ಆಗಲೇ ಎನ್‌ಕ್ವೈರಿ ಆಗಿದೆ ಸಾರ್" ಅಂತ ಅದನ್ನೇ ತೋರಿಸುತ್ತಿದ್ದ. ಅವನಿಗೆ ಕ್ಲೀನ್ ಚಿಟ್ ಬರೆಸಿಕೊಟ್ಟವನು ನಾನೇ ಆದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನೋದು ನನ್ನ ಅಭಿಪ್ರಾಯ. ರದ್ದು ಯಾಕೆ ಕೇಳ್ತೀರಿ? ಈ ಪಾರ್ಸೆಲ್ ಅಂಗಡಿಗಳ ಸಿಎಲ್-2 ಲೈಸೆನ್ಸನ್ನು ಸರ್ಕಾರ 1992ರಿಂದ ಹೊಸದಾಗಿ ಕೊಡದೆ ನಿಲ್ಲಿಸಿತ್ತು. ಇದ್ದವಕ್ಕೇ ಬಂಗಾರದ ಬೆಲೆ ಬಂತು. ಒಂದು ಕಡೆ ಕಿರಿಕಿರಿಯಾದರೆ ಲೈಸೆನ್ಸನ್ನು ಇನ್ನೊಂದು ಕಡೆ ಶಿಫ್ಟ್ ಮಾಡಿಸ್ತಾರೆ, ನಿಮ್ಮ ಟ್ರಾನ್ಸ್‌ಫಾರ್ಮರ್ ಕಟ್ಟೆ ಪಕ್ಕದ ಏರಿಯಾಗೆ ಹೋಗುತ್ತೆ, ಅಷ್ಟೆ. ಆದರೆ ಅಷ್ಟು ಬೆಲೆಯ ಕಾಗದ ಇಟ್ಟುಕೊಂಡವನಿಗೆ ಒಂದು ಭಯ ಇರುತ್ತೆ. ಷರತ್ತು ಮುರಿದರೆ ಅಬಕಾರಿ ಕಾಯ್ದೆಯ 29ನೇ ಕಲಮಿನಲ್ಲಿ ಅಮಾನತು ಮಾಡಬಹುದು, ರದ್ದೂ ಮಾಡಬಹುದು. ಆ ಭಯ ಹಿಡಿದುಕೊಳ್ಳಿ.

ಎರಡನೇ ಸಲ ನಾವು ಸಹಿ ಸಂಗ್ರಹಕ್ಕೆ ಹೋಗಲೇ ಇಲ್ಲ. (64 ಸಹಿಯನ್ನು ಯಾರೂ ಎಣಿಸಿ ಕೂಡ ನೋಡಿರಲಿಲ್ಲ.) ಹತ್ತು ರೂಪಾಯಿಯ ಆರ್‌ಟಿಐ ಹಾಕಿ ಲೈಸೆನ್ಸ್ ಕಾಪಿ ತೆಗೆಸಿದೆವು. ಅದರಲ್ಲಿ ಅಂಗಡಿಯ ಚೆಕ್ಕುಬಂದಿ, ಅಂದರೆ ನಾಲ್ಕೂ ಕಡೆಯ ಗಡಿ ಇರುತ್ತೆ, ವ್ಯಾಪಾರ ಅದರೊಳಗೇ ಆಗಬೇಕು. ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಒಂದು ನೂರು ಪೇಜಿನ ನೋಟ್‌ಬುಕ್ ಇಟ್ಟರು. ತಾರೀಖು, ಸಮಯ, ಏನಾಯಿತು, ಫೋನ್ ಮಾಡಿದವರು ಯಾರು. ಗಲಾಟೆಯಾದರೆ ವಾಟ್ಸಾಪ್ ಗ್ರೂಪ್‌ನಲ್ಲಿ ಬೈದುಕೊಳ್ಳೋದು ಬಿಟ್ಟು 112ಕ್ಕೆ ಕರೆ. ಮೊದಲೆರಡು ಸಲ ಪೊಲೀಸರ ಹೊಯ್ಸಳ ಗಸ್ತು ವಾಹನ ಬರುವಷ್ಟರಲ್ಲಿ ಕಟ್ಟೆ ಖಾಲಿ. ಆದರೂ ಕರೆ ದಾಖಲಾಯಿತಲ್ಲ, ಅದು ಮುಖ್ಯ. ಮೂರನೇ ಸಲ ಐದು ಜನ ಲೋಟದ ಸಮೇತ ಸಿಕ್ಕಿದರು. ಸಾರ್ವಜನಿಕ ಸ್ಥಳದಲ್ಲಿ ಕುಡಿದದ್ದಕ್ಕೆ, ಕುಡಿಯೋಕೆ ಬಿಟ್ಟದ್ದಕ್ಕೆ ಅಬಕಾರಿ ಕಾಯ್ದೆಯ 15ಎ, 32(3) ಕಲಂ ಹಾಕಿ ಕೇಸು ಆಯಿತು. ಬಾಡಿಗೆ ಹುಡುಗನೂ ಕೊನೆಗೆ ದೂರು ಬರೆದುಕೊಟ್ಟ. ಮೊಬೈಲ್ ಸಿಗಲಿಲ್ಲ ಬಿಡಿ.

ಲೈಸೆನ್ಸ್ ವರ್ಷ ಜೂನ್ 30ಕ್ಕೆ ಮುಗಿಯುತ್ತೆ. ಮೇ ತಿಂಗಳಲ್ಲೇ ನೋಟ್‌ಬುಕ್ಕಿನ ಜೆರಾಕ್ಸ್, ಕೇಸಿನ ಕಾಪಿ ಸೇರಿಸಿ, ನವೀಕರಣದ ಮುಂಚೆ ಇದನ್ನು ಪರಿಶೀಲಿಸಿ ಅಂತ ಅಬಕಾರಿ ಡಿಸಿ (ಉಪ ಆಯುಕ್ತರ) ಕಚೇರಿಗೆ ಒಂದೇ ಪುಟದ ಅರ್ಜಿ ಕೊಟ್ಟೆವು. ನಮ್ಮ ಕಾಪಿ ಮೇಲೆ ಸೀಲು ಹಾಕಿಸಿಕೊಂಡೆವು. ಮೀಟರ್ ಅನ್ನೋ ಪದ ಅದರಲ್ಲಿ ಎಲ್ಲೂ ಇರಲಿಲ್ಲ.

ಅಂಗಡಿಗೆ ನೋಟಿಸ್ ಹೋಯಿತು. ಒಂದು ವಾರದಲ್ಲಿ ಲೋಟ, ನೀರಿನ ಪ್ಯಾಕೆಟ್ ಕೌಂಟರ್‌ನಿಂದ ಮಾಯ, ಬೆಳಗಿನ ಶಟರ್ ಬಂದ್. ಕಟ್ಟೆ ಮೇಲೆ ಓನರ್ ತಾನೇ ದೊಡ್ಡ ಲೈಟು, ಕ್ಯಾಮೆರಾ ಹಾಕಿಸಿದ. ಅಂಗಡಿ ಈಗಲೂ ಅಲ್ಲೇ ಇದೆ. ಮೊಟ್ಟೆ ಗಾಡಿಯವನಿಗೆ ಮಾತ್ರ ನನ್ನ ಮೇಲೆ ಇನ್ನೂ ಸಿಟ್ಟು.

ನಿಮ್ಮದು ಸಿಎಲ್-2 ಹೌದಾ ಅಂತ ಮೊದಲು ಬೋರ್ಡ್ ನೋಡಿ ಹೇಳಿ. ಸಿಎಲ್-9 ಆಗಿದ್ದರೆ ಅದು ಬಾರ್, ಒಳಗೆ ಕೂತು ಕುಡಿಯೋದು ತಪ್ಪೇ ಅಲ್ಲ, ಆಗ ನೋಟ್‌ಬುಕ್‌ನಲ್ಲಿ ಬರೆಯಬೇಕಾದ್ದೇ ಬೇರೆ.